ನಮ್ಮಿಬ್ಬರ ಹಾಡು

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಸಂಗೀತದ ಮಟ್ಟಿಗೆ ನನಗೆ ಅಷ್ಟೂ ಇಲ್ಲ. ನಾನು ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು. ನಾಡಗೀತೆಗೆ ಎದ್ದು ನಿಲ್ಲುತ್ತಿದ್ದದ್ದೂ ಪಕ್ಕದವರು ಎದ್ದದ್ದನ್ನು ನೋಡಿಯೇ. ಇಂಥವನಿಗೂ ಒಂದು ನೆಚ್ಚಿನ ಹಾಡಿದೆ ಎಂದು ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಎಲ್ಲರೂ ನಂಬಿದ್ದಾರೆ. ನಂಬದೆ ಏನು ಮಾಡಿಯಾರು? ಹೆಂಡತಿ ವನಜಾ ತೀರಿಕೊಂಡು ಎಂಟು ತಿಂಗಳಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಅವಳ ಫೋಟೋಗೆ ಹೂವಿಟ್ಟು, ಫೋನಿನಲ್ಲಿ ಅದೇ ಒಂದು ಸಿನಿಮಾ ಹಾಡನ್ನು ಹಾಕುತ್ತಾ ಬಂದಿದ್ದೇನೆ. ಅದು ಅವಳಿಗೆ ಪ್ರಾಣ ಎಂದುಕೊಂಡಿದ್ದೆ.

ಆ ಹಾಡು ನಮ್ಮ ಸಂಸಾರದೊಳಕ್ಕೆ ಬಂದದ್ದು ಮದುವೆಯಾದ ಮೊದಲ ವಾರ. ರಾಜಾಜಿನಗರದ ಒಂದು ಹೋಟೆಲಿಗೆ ಮಸಾಲೆ ದೋಸೆ ತಿನ್ನಲು ಹೋಗಿದ್ದೆವು. ಏನು ಮಾತಾಡಬೇಕೆಂದು ಇಬ್ಬರಿಗೂ ತೋಚದು. ನಾನು ನೈರುತ್ಯ ಮಾರುತಗಳ ಬಗ್ಗೆ ಸ್ವಲ್ಪ ಹೇಳಿದೆ. ಅದೂ ಮುಗಿಯಿತು. ಅಷ್ಟರಲ್ಲಿ ಗಲ್ಲಾದ ಪಕ್ಕದ ರೇಡಿಯೋದಲ್ಲಿ ಈ ಹಾಡು ಬಂತು. ಅವಳು ತಲೆಯೆತ್ತಿ ನಕ್ಕಳು. ಮರುದಿನವೇ ಕ್ಯಾಸೆಟ್ ತಂದೆ. ಆಮೇಲೆ ಸಿ.ಡಿ. ಆಮೇಲೆ ಫೋನಿಗೆ ರಿಂಗ್‌ಟೋನ್. ಹಾಡಿನುದ್ದಕ್ಕೂ ನಾಯಕ ಅಳುತ್ತಾನೆ, ಕೊಳಲು ಅವನಿಗಿಂತ ಜೋರಾಗಿ ಅಳುತ್ತದೆ. ಕೇಳಿದಾಗಲೆಲ್ಲ ನನಗೆ ಹಲ್ಲುನೋವು ಬಂದಂತಾಗುತ್ತಿತ್ತು. ಆದರೂ ಹೆಂಡತಿಯ ಖುಷಿಗಾಗಿ ಇಷ್ಟೂ ಸಹಿಸದಿದ್ದರೆ ಗಂಡ ಎಂಥವನು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಕಳೆದ ಭಾನುವಾರ ಕುರುಬರಹಳ್ಳಿಯಿಂದ ವನಜಾಳ ತಂಗಿ ಗಿರಿಜೆ ಹುರುಳಿಕಾಳಿನ ಸಾರು ತಂದಳು. ಹಾಡು ನಡೆಯುತ್ತಿತ್ತು. ಡಬ್ಬಿ ಹಿಡಿದುಕೊಂಡೇ ಅದು ಮುಗಿಯುವವರೆಗೆ ನಿಂತಿದ್ದಳು.

“ಭಾವ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅಕ್ಕನ ಫೋಟೋ ಮುಂದೆ ಇದನ್ನ ಹಾಕ್ಬೇಡಿ.”

“ಯಾಕಮ್ಮ? ಅವಳಿಗೆ ಇಷ್ಟ ಅಲ್ವಾ?”

“ಈ ಹಾಡು ಕೇಳಿದ್ರೆ ತಲೆನೋವು ಬರುತ್ತೆ ಅಂತಿದ್ಲು. ‘ಪಾಪ, ಅವ್ರಿಗೆ ಇರೋದು ಇದೊಂದೇ ಖುಷಿ, ಕೇಳ್ಕೊಳ್ಳಲಿ ಬಿಡು’ ಅಂತ ಸುಮ್ನಿದ್ಲು.”

“ಮತ್ತೆ ಅವತ್ತು ಹೋಟೆಲಲ್ಲಿ ಇದು ಬಂದಾಗ ನಕ್ಕಳಲ್ಲ?”

ಗಿರಿಜೆ ಸ್ವಲ್ಪ ಹಿಂದೆಮುಂದೆ ನೋಡಿ ಹೇಳಿದಳು: “ನಿಮ್ಮ ಮೀಸೆಗೆ ಚಟ್ನಿ ಅಂಟಿತ್ತಂತೆ.”

ನಗುವ ವಿಷಯವೇ. ಆದರೆ ಜೊತೆಗೆ ಕೂತು ನಗಬೇಕಾದವಳು ಫೋಟೋದಲ್ಲಿದ್ದಳು. ಅದಕ್ಕಿಂತ ನನ್ನನ್ನು ಕುಗ್ಗಿಸಿದ್ದು ಬೇರೊಂದು ನೆನಪು. ಆಸ್ಪತ್ರೆಯಲ್ಲಿ ಅವಳಿಗೆ ಮಾತು ನಿಂತ ಮೇಲೆ, ಕಿವಿಯ ಹತ್ತಿರ ಫೋನಿಟ್ಟು ಇದನ್ನೇ ಹಾಕಿದ್ದೆ. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಸಂತೋಷಕ್ಕೆ ಎಂದುಕೊಂಡು ಮತ್ತೆ ಮೊದಲಿನಿಂದ ಹಾಕಿದೆ.

“ಹಾಗಾದ್ರೆ ಅವಳಿಗೆ ಯಾವ ಹಾಡು ಇಷ್ಟ ಇತ್ತು?” ಎಂದು ಕೇಳಿದೆ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದವನು ನಾದಿನಿಯನ್ನು ಕೇಳಬೇಕಾದ ಪ್ರಶ್ನೆಯಲ್ಲ.

ಗಿರಿಜೆ ತನ್ನ ಫೋನು ತೆಗೆದು ಒಂದು ಹಾಡು ಹಾಕಿದಳು. ಹುಡುಗರು ಮೆರವಣಿಗೆಯಲ್ಲಿ ಕುಣಿಯುವಂಥದ್ದು. ಅರ್ಧ ಡೋಲು, ಅರ್ಧ ಸಿಳ್ಳೆ.

“ಚಪಾತಿ ಲಟ್ಟಿಸ್ತಾ ಇದನ್ನೇ ಹಾಕ್ಕೊಂಡು ಕುಣೀತಿದ್ಲು.”

“ವನಜಾ ಕುಣೀತಿದ್ಲಾ?”

“ಹ್ಞೂಂ. ನಿಮ್ಮ ಸ್ಕೂಟರ್ ಸದ್ದು ಕೇಳಿದ್ರೆ ನಿಲ್ಲಿಸ್ಬಿಡೋಳು. ಮೇಷ್ಟ್ರು ಏನಂದ್ಕೋತಾರೋ ಅಂತ.”

ನಾನು ಏನೂ ಅಂದುಕೊಳ್ಳುತ್ತಿರಲಿಲ್ಲ. ಹಾಗೆಂದು ಈಗ ಹೇಳುವುದು ಸುಲಭ. ಜಗತ್ತಿನ ನದಿಗಳೆಲ್ಲ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ನಮ್ಮ ಅಡುಗೆಮನೆಯಲ್ಲಿ ಏನು ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಒಮ್ಮೆಯಾದರೂ ಅವಳಿಗೆ “ಈ ಹಾಡು ನನಗೆ ಹಿಡಿಸಲ್ಲ ಕಣೇ” ಎಂದಿದ್ದರೆ ಸಾಕಿತ್ತು, ಅವಳ ಕುಣಿತ ನೋಡುತ್ತಿದ್ದೆ.

ನಿನ್ನೆ ನಾನೇ ಚಪಾತಿಗೆ ಹಿಟ್ಟು ಕಲಸಿ, ಅವಳ ಹಾಡು ಹಾಕಿಕೊಂಡೆ. ಚಪಾತಿ ಶ್ರೀಲಂಕಾದ ಆಕಾರಕ್ಕೆ ತಿರುಗಿತು. ಹಾಡು ಹಿಡಿಸಿತೇ ಎಂದರೆ, ಇಲ್ಲ. ತಲೆಯೊಳಗೆ ಬೋರ್‌ವೆಲ್ ಕೊರೆದಂತಿತ್ತು. ಆದರೂ ಬಾಗಿಲು ಹಾಕಿಕೊಂಡು ಒಂದು ಹೆಜ್ಜೆ ಹಾಕಿ ನೋಡಿದೆ. ಮಂಡಿ ಹಿಡಿದುಕೊಂಡಿತು. ಒಲೆಯ ಕಟ್ಟೆಯನ್ನು ಹಿಡಿದು ನಿಂತೇ, ಹಾಡಿನ ಉಳಿದ ಭಾಗವನ್ನು ಕೇಳಿ ಮುಗಿಸಿದೆ.