ಇಪ್ಪತ್ನಾಲ್ಕು ತುಂಡು ಟೋಫು

ಬೆಳಗಿನ ತಿಂಡಿಯ ಹೊತ್ತಿನಲ್ಲಿ ದರ್ಜಿಯ ನಾಲಿಗೆ ಅಳತೆಗಿಂತ ಅರ್ಧ ಇಂಚು ಉದ್ದವಾದದ್ದೇ ಎಲ್ಲ ಅನಾಹುತಕ್ಕೂ ಮೂಲ.

“ಅಡುಗೆ ಅಂದ್ರೆ ಏನ್ ಮಹಾ? ಹೆಚ್ಚೋದು, ಹುರಿಯೋದು, ಇಳಿಸೋದು. ಒಂದು ಪ್ಯಾಂಟಿಗೆ ಜಿಪ್ ಕೂರಿಸೋದು ಇದಕ್ಕಿಂತ ಕಷ್ಟ” ಎಂದುಬಿಟ್ಟ.

ಅವನ ಹೆಂಡತಿ ಬಸ್ ಕಂಡಕ್ಟರ್. ದಿನವೆಲ್ಲ ನಿಂತು ದುಡಿದು, ಸಂಜೆ ಏಳೂವರೆಗೆ ಮನೆ ಸೇರಿ, ಮತ್ತೆ ಒಲೆಯ ಮುಂದೆ ನಿಲ್ಲುವವಳು. ಟಿಕೆಟ್ ಚೀಲವನ್ನು ಹೆಗಲಿಗೇರಿಸುತ್ತಿದ್ದವಳ ಕೈ ಅಲ್ಲೇ ನಿಂತಿತು.

“ಹಾಗಾದ್ರೆ ಇವತ್ತು ರಾತ್ರಿ ಊಟ ನಿಮ್ಮದೇ. ಫ್ರಿಜ್ಜಲ್ಲಿ ಟೋಫು ಇದೆ.”

“ಟೋಫು ಅಂದ್ರೆ ಆ ಬಿಳಿ ಇಟ್ಟಿಗೆನಾ?”

“ಹೂಂ. ಸೋಯಾ ಹಾಲು ಒಡೆಸಿ ಗಟ್ಟಿ ಮಾಡಿರೋದು. ಅದಕ್ಕೆ ತನ್ನದು ಅಂತ ರುಚಿ ಇಲ್ಲ, ನೀವು ಏನು ಕೊಡ್ತೀರೋ ಅದೇ. ಹಾಗಾಗಿ ಕೆಟ್ಟರೆ ತರಕಾರಿಯವನನ್ನ ಬೈಯೋ ಹಾಗಿಲ್ಲ.”

“ಚೆನ್ನಾಗಿ ಆದ್ರೆ?”

ಆ ಮನೆಗೆ ಒಳ್ಳೆಯ ಬೆಳಕು ಬರುವುದು ಒಂದೇ ಕಿಟಕಿಯಿಂದ. ಅದರ ಪಕ್ಕದಲ್ಲಿ ಹೆಂಡತಿಯ ಆರಾಮಕುರ್ಚಿ. ದಣಿದ ಕಾಲು ಚಾಚಿಕೊಳ್ಳಲು ಅವಳಿಗಿದ್ದ ಒಂದೇ ಜಾಗ. ವಯಸ್ಸು ಐವತ್ತರ ಹತ್ತಿರ ಬಂದ ದರ್ಜಿಗೆ ಈಚೆಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಹೊಲಿಗೆ ಮಿಷನ್ನನ್ನು ಅಲ್ಲಿಗೆ ಸರಿಸಬೇಕೆಂದು ಎರಡು ವರ್ಷದಿಂದ ಅವನು ಹೊಂಚು ಹಾಕುತ್ತಿದ್ದ.

“ಚೆನ್ನಾಗಿ ಆದ್ರೆ ಕಿಟಕಿ ಜಾಗ ನಿಮ್ಮ ಮಿಷನ್ನಿಗೆ. ಆಗದಿದ್ರೆ ಒಂದು ತಿಂಗಳು ರಾತ್ರಿ ಅಡುಗೆ ನಿಮ್ಮ ಪಾಲಿಗೆ. ಒಪ್ಪಿಗೆನಾ?”

“ಒಪ್ಪಿಗೆ.”

ಹೊಸ್ತಿಲು ದಾಟುವಾಗ ಅವಳು ಹಿಂತಿರುಗಿ ಸಣ್ಣಗೆ ನಕ್ಕಳು. ಆ ನಗು ದರ್ಜಿಗೆ ಹಿಡಿಸಲಿಲ್ಲ.

ಸಂಜೆ ಐದೂವರೆಗೆ ಅವನು ಕತ್ತರಿ ಕೆಳಗಿಟ್ಟು ಅಡುಗೆಮನೆಗೆ ಹೋದ. ಪ್ಯಾಕೆಟ್ಟಿನ ಹಿಂಬದಿಯಲ್ಲಿ ‘ಇಪ್ಪತ್ತೇ ನಿಮಿಷದಲ್ಲಿ ರುಚಿಯಾದ ಊಟ’ ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಇರುವೆಯ ಸಾಲಿನಂಥ ಅಕ್ಷರದಲ್ಲಿ, ‘ಮೊದಲು ಹದಿನೈದು ನಿಮಿಷ ಭಾರವಿಟ್ಟು ನೀರು ಹಿಂಡಿ’ ಎಂದಿತ್ತು. ಉಳಿದ ಐದು ನಿಮಿಷದಲ್ಲಿ ಊಟ ಹೇಗೆ ಆಗುತ್ತದೆಂದು ಬರೆದವರನ್ನೇ ಕೇಳಬೇಕು.

ದರ್ಜಿಯ ಮನೆಯಲ್ಲಿ ಭಾರಕ್ಕೇನು ಬರ? ಎರಡು ತಟ್ಟೆಗಳ ನಡುವೆ ಟೋಫು ಇಟ್ಟು, ಮೇಲೆ ಹಳೆಯ ಕಾಲದ ಇಸ್ತ್ರಿಪೆಟ್ಟಿಗೆಯನ್ನು ಕೂರಿಸಿದ. ಟೋಫು ಹೊಸ ಅಳಿಯನಂತೆ ಮೊದಮೊದಲು ಸುಮ್ಮನಿತ್ತು. ಆಮೇಲೆ ನೀರು ಬಿಟ್ಟುಕೊಂಡಿತು. ತಟ್ಟೆ ಜಾರಿತು. ಇಸ್ತ್ರಿಪೆಟ್ಟಿಗೆ ಧಡಾರೆಂದು ನೆಲಕ್ಕೆ ಬಿತ್ತು.

ಎರಡು ನಿಮಿಷದಲ್ಲಿ ಕೆಳಮನೆಯ ಔಷಧಿ ಅಂಗಡಿ ಅಕ್ಕ ಬಾಗಿಲಲ್ಲಿದ್ದರು. ಕೈಯಲ್ಲಿ ಟೀ ಲೋಟ, ಟೀಯಲ್ಲಿ ಬೆರಳುಗಾತ್ರದ ಗಾರೆಯ ಚಕ್ಕೆ.

“ಏನು ಬೀಳ್ಸಿದ್ರಿ? ನನ್ನ ಮನೆ ಸೂರು ಟೀಗೆ ಬಂದು ಬಿತ್ತು!”

“ಟೋಫು ನೀರು ಹಿಂಡ್ತಿದ್ದೆ ಅಕ್ಕಾ.”

“ಟೋಫು ಇಷ್ಟು ಭಾರ ಇರುತ್ತಾ?” ಎಂದವರು ವಿಷಯ ತಿಳಿದ ಮೇಲೆ ಹಿಂದಿರುಗಿ ಹೋಗಲಿಲ್ಲ. ಪಂದ್ಯ ಎಂದರೆ ಅವರಿಗೆ ನೆಗಡಿಗೆ ಮಾತ್ರೆ ಸಿಕ್ಕಿದಷ್ಟು ಸಮಾಧಾನ. ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

ಅದೃಷ್ಟಕ್ಕೆ ಟೋಫುವಿಗೆ ಏನೂ ಆಗಿರಲಿಲ್ಲ. ದರ್ಜಿ ಟೇಪು ಹಿಡಿದು ಅಳೆದ. ಉದ್ದಕ್ಕೆ ಆರು, ಅಡ್ಡಕ್ಕೆ ನಾಲ್ಕು. ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ಲದೆ ಇಪ್ಪತ್ನಾಲ್ಕು ತುಂಡು. ಅಕ್ಕ ಮೆಚ್ಚಿ ತಲೆದೂಗಿದರು. ಆ ಮೆಚ್ಚುಗೆಯ ಗುಂಗಿನಲ್ಲಿ ಅವನು ಎಣ್ಣೆ ಕಾಯಿಸಿ ಬೆಳ್ಳುಳ್ಳಿ ಹಾಕಿದ್ದನ್ನೇ ಮರೆತ. ನೋಡನೋಡುತ್ತ ಬೆಳ್ಳುಳ್ಳಿ ಕರಿಮಣಿಯಾಯಿತು, ಹೊಗೆ ಕಿಟಕಿಯಿಂದ ಮೇಲಕ್ಕೆದ್ದಿತು.

ಮಹಡಿ ಮೆಟ್ಟಿಲ ಮೇಲೆ ಸೀಟಿ ಊದಿದ ಸದ್ದು. ಮೇಲ್ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಒಂದು ಬಕೆಟ್ ನೀರು ಹಿಡಿದು ನುಗ್ಗಿದರು.

“ಎಲ್ಲರೂ ಹಿಂದಕ್ಕೆ! ಬೆಂಕಿ ಎಲ್ಲಿ?”

“ಬೆಂಕಿ ಇಲ್ಲ ಮೇಷ್ಟ್ರೇ, ಬೆಳ್ಳು—”

‘ಳ್ಳಿ’ ಹೊರಬರುವಷ್ಟರಲ್ಲಿ ಬಕೆಟ್ಟಿನ ನೀರು ದರ್ಜಿಯ ತಲೆಯಿಂದ ಕಾಲಿನವರೆಗೆ ಇಳಿದಾಗಿತ್ತು. ಬಾಣಲೆಗೆ ಒಂದು ಹನಿಯೂ ಬೀಳಲಿಲ್ಲ. ಮೇಷ್ಟ್ರ ಗುರಿ ಅಷ್ಟು ನಿಖರ. ತಪ್ಪು ತಿಳಿದ ಮೇಲೆ ಅವರೇ ನೆಲ ಒರೆಸಿದರು, ಕಿಟಕಿ ಬಾಗಿಲೆಲ್ಲ ತೆರೆದು ಹೊಗೆ ಓಡಿಸಿದರು. ಆದರೆ ಮನೆಗೆ ಹೋಗಲಿಲ್ಲ.

ದರ್ಜಿ ಒದ್ದೆ ಅಂಗಿಯಲ್ಲೇ ಎರಡನೇ ಸಲ ಬಾಣಲೆ ಇಟ್ಟ. ಈ ಸಲ ಮಾತಿಲ್ಲ ಕತೆಯಿಲ್ಲ. ತುಂಡುಗಳಿಗೆ ಮೆಕ್ಕೆಜೋಳದ ಹಿಟ್ಟು ಸವರಿ ಒಂದೊಂದಾಗಿ ಇಳಿಬಿಟ್ಟ. ಅಂಚು ಕೆಂಪಾಗುವುದನ್ನು ಕಾದು, ಕಾಲರ್ ಮಗುಚುವ ನಾಜೂಕಿನಲ್ಲಿ ಒಂದೊಂದನ್ನೂ ಮಗುಚಿದ. ಒಂದೂ ಮುರಿಯಲಿಲ್ಲ. ಹೊಸ ಬೆಳ್ಳುಳ್ಳಿ, ತುರಿದ ಶುಂಠಿ, ಸೋಯಾ ಸಾಸ್, ಚಿಟಿಕೆ ಸಕ್ಕರೆ, ಒಣಮೆಣಸಿನ ಪುಡಿ, ಕೊನೆಗೆ ಅರ್ಧ ನಿಂಬೆಹಣ್ಣು. ಎಲ್ಲ ಸೇರಿ ಚುರ್ರೆಂದು ಕುದಿದು ತುಂಡುಗಳಿಗೆ ಹೊಳಪಿನ ಅಸ್ತರಿಯಂತೆ ಹತ್ತಿಕೊಂಡಿತು. ಮೇಲೆ ಹುರಿದ ಎಳ್ಳು ಉದುರಿಸಿ ಒಂದು ತುಂಡು ಬಾಯಿಗಿಟ್ಟ.

ಹೊರಗೆ ಗರಿಗರಿ, ಒಳಗೆ ಬೆಣ್ಣೆ. ದರ್ಜಿಗೆ ಕಣ್ಣು ತುಂಬಿ ಬಂತು. ತನ್ನ ಕೈಯಲ್ಲಿ ಇಂಥದ್ದೊಂದು ವಿದ್ಯೆ ಇಷ್ಟು ವರ್ಷ ಅಡಗಿತ್ತೇ!

“ಉಪ್ಪು ಸರಿಯಿದೆಯಾ ನೋಡ್ತೀನಿ” ಎಂದು ಅಕ್ಕ ಒಂದು ತೆಗೆದುಕೊಂಡರು. ಕಣ್ಣು ಮುಚ್ಚಿದರು. “ಒಂದು ಡೋಸಿಗೆ ಗೊತ್ತಾಗಲ್ಲ” ಎಂದು ಇನ್ನೊಂದು ತೆಗೆದುಕೊಂಡರು.

ಮೇಷ್ಟ್ರು ಬಲಗೆನ್ನೆಗೊಂದು, ಎಡಗೆನ್ನೆಗೊಂದು ಇಟ್ಟುಕೊಂಡು, “ಭೇಷ್!” ಎಂದರು. ಸೀಟಿಯೇ ಊದಿದಂತಿತ್ತು.

ಆ ಘಮಕ್ಕೆ ಎದುರುಮನೆಯ ವಕೀಲರು ಕೋಟು ಬಿಚ್ಚದೆ ಬಂದರು.

“ವಾಸನೆ ಮೇಲೆ ತೀರ್ಪು ಕೊಡೋಕಾಗಲ್ಲ. ವಸ್ತು ಹಾಜರಾಗ್ಬೇಕು” ಎಂದು ಒಂದು ತಿಂದರು. “ಒಂದೇ ಸಾಕ್ಷಿ ನಿಲ್ಲಲ್ಲ” ಎಂದು ಇನ್ನೊಂದು ತಿಂದರು. ಆಮೇಲೆ, “ನಮ್ಮಮ್ಮನಿಗೆ ಹಲ್ಲಿಲ್ಲ, ಇದು ಹಿಡಿಸುತ್ತೆ” ಎಂದು ತಟ್ಟೆಗೆ ನಾಲ್ಕು ಹಾಕಿಕೊಂಡು ಹೋಗಿ ಕೊಟ್ಟು, ಖಾಲಿ ತಟ್ಟೆಯೊಂದಿಗೆ ಮತ್ತೆ ಬಂದರು.

ದರ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇನ್ನೂ ಹದಿಮೂರಿವೆ, ಇಬ್ಬರಿಗೆ ಧಾರಾಳ. ಮೇಲಾಗಿ, ಹೊಗಳಿಕೆಯ ಮುಂದೆ ಯಾವ ಕೈ ತಾನೇ ಬಿಗಿಯಾಗಿರುತ್ತದೆ?

“ಹೇಗೆ ಮಾಡಿದ್ರಿ ಹೇಳಿ, ನಾವೂ ಮಾಡ್ತೀವಿ” ಎಂದರು ಅಕ್ಕ. ದರ್ಜಿ ಒಲೆಗೆ ಬೆನ್ನು ಕೊಟ್ಟು, ಎದೆಯ ಮೇಲೆ ಕೈ ಕಟ್ಟಿ, ಮೊದಲಿಂದ ಕೊನೆವರೆಗೆ ಹೇಳಿದ. ಅಕ್ಕ ಮಾತ್ರೆ ಚೀಟಿಯ ಹಿಂದೆ ಬರೆದುಕೊಂಡರು. ವಕೀಲರು ಫೈಲಿನ ಮೇಲೆ ಬರೆದುಕೊಂಡರು. ಮೇಷ್ಟ್ರು ಬಾಯಿಪಾಠ ಮಾಡಿದರು.

ಅಷ್ಟರಲ್ಲಿ ಮುಂದಿನ ಕೋಣೆಯಿಂದ, “ಟೈಲರ್ರೇ, ಕೋಟು ಆಯ್ತಾ?” ಎಂದು ಗಿರಾಕಿಯ ಕೂಗು. ದರ್ಜಿ ಓಡಿದ. ಕೋಟಿನೊಳಗೆ ಗಿರಾಕಿಯ ಹೊಟ್ಟೆ ಹಿಡಿಸುತ್ತಿರಲಿಲ್ಲ, ತೋಳು ಏಳುತ್ತಿರಲಿಲ್ಲ. “ಉಸಿರು ಎಳ್ಕೊಳ್ಳಿ”, “ಈಗ ಬಿಡಿ”, “ಬಿಡ್ಬೇಡಿ, ಬಿಡ್ಬೇಡಿ, ಗುಂಡಿ ಹಾರುತ್ತೆ!” ಎಂದು ಹೆಣಗಿ ಕಳಿಸುವಷ್ಟರಲ್ಲಿ ಕಾಲು ಗಂಟೆ ಕಳೆಯಿತು.

ಹಿಂದಿರುಗಿದಾಗ ಅಡುಗೆಮನೆ ಕನ್ನಡಿಯಂತಿತ್ತು. ಅಕ್ಕ ಒಬ್ಬರೇ ನಿಂತು ಬಾಣಲೆ ಒರೆಸುತ್ತಿದ್ದರು.

“ಅಕ್ಕಾ, ಟೋಫು?”

“ಮುಗೀತಲ್ಲ! ಮೇಷ್ಟ್ರು ಬಾಣಲೇಲಿ ಉಳಿದ ರಸಾನೂ ಬ್ರೆಡ್ಡಲ್ಲಿ ಒರೆಸಿಬಿಟ್ರು. ಪಾಪ, ನೀವೊಬ್ಬರೇ ಒದ್ದಾಡ್ತೀರ ಅಂತ ನಾನು ತೊಳೆದಿಟ್ಟೆ.”

“ನಮಗೆ?”

ಅಕ್ಕನ ಕೈ ನಿಂತಿತು. “ನಿಮಗೆ ಅಂತ ಬೇರೆ ತೆಗೆದಿಟ್ಟಿರಲಿಲ್ವಾ? ಅಯ್ಯೋ ದೇವ್ರೇ, ನಾವು ಹಾಗೇ ಅಂದ್ಕೊಂಡ್ವಿ!” ಎಂದು ಬಾಣಲೆ ಅವನ ಕೈಗಿತ್ತು ದುಡುದುಡು ಮೆಟ್ಟಿಲಿಳಿದು ಹೋದರು.

ಗಂಟೆ ಆರೂ ಐವತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ; ಇಲ್ಲಿ ತುತ್ತು ಬಾಯಿಗೇನೋ ಹೋಗಿತ್ತು, ಬಾಯಿ ಮಾತ್ರ ಬೇರೆಯವರದು. ದರ್ಜಿ ಕುಕ್ಕರಿಗೆ ಅಕ್ಕಿ ಹಾಕಿ, ಸಣ್ಣ ಉರಿಯಲ್ಲಿಟ್ಟು, ಮೂಲೆ ಅಂಗಡಿಗೆ ಓಡಿದ.

“ಟೋಫು? ಈಗ ತಾನೇ ಖಾಲಿ” ಎಂದ ಅಂಗಡಿಯವನು. “ಕೊರಳಲ್ಲಿ ಸೀಟಿ ಹಾಕ್ಕೊಂಡೋರು ಬಂದು ಇದ್ದ ಮೂರೂ ತಗೊಂಡ್ರು. ಮನೆಗೊಂದಂತೆ.”

ಇನ್ನೂ ಎರಡು ಬೀದಿ ಆಚೆಯ ಅಂಗಡಿಗೆ ಓಡಿದ. ಅಲ್ಲಿನ ಮುದುಕ ಕಿವಿಗೆ ಕೈ ಹಚ್ಚಿ, “ಸೋಪಾ? ಬಟ್ಟೆಗಾ, ಮೈಗಾ?” ಎಂದು ಕೇಳಿದ. ದರ್ಜಿ ಮನೆಯತ್ತ ತಿರುಗಿ ಓಡಿದ.

ಮನೆ ಮುಟ್ಟಿದಾಗ ಏಳೂ ಇಪ್ಪತ್ತೈದು. ಊಟದ ಮೇಜಿನ ಮೇಲೆ ಮೂರು ಪಾತ್ರೆಗಳು ಹಬೆಯಾಡುತ್ತಿದ್ದವು. ಗಾಜಿನ ಬೋಗುಣಿಗೆ ಅಂಟಿಸಿದ ಔಷಧಿ ಚೀಟಿಯಲ್ಲಿ ‘ಬಿಸಿ ಇರುವಾಗಲೇ ಸೇವಿಸಿ. ಕ್ಷಮಿಸಿ’ ಎಂದಿತ್ತು. ಪಕ್ಕದಲ್ಲಿ ಮೇಷ್ಟ್ರ ಸ್ಟೀಲ್ ಡಬ್ಬಿ, ವಕೀಲರ ಮನೆಯ ಕುಸುರಿಯ ಪಿಂಗಾಣಿ. ಮುಚ್ಚಳ ತೆರೆದರೆ ಮೂರರಲ್ಲೂ ಟೋಫು! ಅವನು ಹೇಳಿಕೊಟ್ಟಂತೆಯೇ ಮಾಡಿ, ತಿಂದ ತಪ್ಪಿಗೆ ಮೂವರೂ ತಂದಿಟ್ಟು ಹೋಗಿದ್ದರು.

ದರ್ಜಿಗೆ ಹೋದ ಜೀವ ಬಂದಂತಾಯಿತು. ನೆರೆಹೊರೆ ಎಂದರೆ ಇದು! ಆದರೆ ಈ ಪಾತ್ರೆಗಳನ್ನು ಹೀಗೇ ಇಟ್ಟರೆ ಅವಳು ಏನೆಂದುಕೊಂಡಾಳು? ನಿಜವನ್ನು ಹೇಳಿದರೆ ನಂಬುವಂತಿಲ್ಲ. ತಾನು ಮಾಡಿದ್ದೂ ಟೋಫು, ಇದೂ ಟೋಫು. ವಿದ್ಯೆ ತನ್ನದೇ, ಕೈ ಮಾತ್ರ ಬೇರೆ. ಇದರಲ್ಲಿ ಸುಳ್ಳೆಲ್ಲಿದೆ? ಹೀಗೆ ಸಮಾಧಾನ ಮಾಡಿಕೊಂಡು ತೊಳೆದ ಬಾಣಲೆಯನ್ನು ಒಲೆಯ ಮೇಲಿಟ್ಟ. ಗಾಜಿನ ಬೋಗುಣಿಯನ್ನು ಎತ್ತಿ ಅದರೊಳಕ್ಕೆ ಸುರಿಯತೊಡಗಿದ.

“ಸುರೀರಿ, ಸುರೀರಿ. ನಿಧಾನವಾಗಿ, ಚೆಲ್ಲೀತು.”

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

ದರ್ಜಿ ಇಂಗು ತಿಂದ ಮಂಗನಂತಾದ. “ಇಲ್ಲ ಕಣೇ, ನಾನು ನಿಜವಾಗ್ಲೂ ಮಾಡಿದ್ದೆ. ಎಷ್ಟು ಚೆನ್ನಾಗಿ ಆಗಿತ್ತು ಅಂದ್ರೆ...”

“ರೀ, ಟಿಕೆಟ್ ಇಲ್ಲದೆ ಬಸ್ ಹತ್ತೋರನ್ನ ದಿನಾ ನೋಡ್ತೀನಿ. ‘ತಗೊಂಡಿದ್ದೆ, ಗಾಳಿಗೆ ಹಾರಿಹೋಯ್ತು’ ಅಂತಾರೆ. ಅವರ ಮುಖಾನೂ ಹೀಗೇ ಇರುತ್ತೆ.”

“ಬೇಕಾದ್ರೆ ಅವರನ್ನೇ ಕೇಳು!” ಎಂದು ದರ್ಜಿ ಓಡಿಹೋಗಿ ಮೂವರನ್ನೂ ಕರೆತಂದ. “ಹೇಳಿ, ಟೋಫು ಮಾಡಿದ್ದು ನಾನು ತಾನೆ?”

“ಮಾಡಿದ್ದೇನೋ ಇವರೇ” ಎಂದರು ಅಕ್ಕ, ದೊಡ್ಡ ಮನಸ್ಸಿನಿಂದ. “ಉಪ್ಪು ಖಾರದ ಪ್ರಮಾಣ ಮಾತ್ರ ನಾನು ಪಕ್ಕದಲ್ಲೇ ಕೂತು ನೋಡ್ಕೊಂಡೆ.”

“ನಾನು ಸಮಯಕ್ಕೆ ಬರದೇ ಇದ್ದಿದ್ರೆ ಮನೆಯೇ ಉಳೀತಿರಲಿಲ್ಲ” ಎಂದರು ಮೇಷ್ಟ್ರು. “ಅಲ್ಲಿಂದ ಮುಂದೆ ಶಿಸ್ತು ಬಂತು.”

ದರ್ಜಿ ಕಟ್ಟಕಡೆಯ ಆಸೆಯಿಂದ ವಕೀಲರತ್ತ ನೋಡಿದ. ವಕೀಲರು ಗಂಟಲು ಸರಿಮಾಡಿಕೊಂಡರು. “ಇವರು ಮಾಡಿದ್ದನ್ನ ನಾನು ಕಣ್ಣಾರೆ ಕಂಡಿಲ್ಲ. ನಾನು ಬಂದಾಗ ಅದು ಆಗಲೇ ಸಿದ್ಧವಾಗಿತ್ತು. ಆ ಮಾತಿಗೆ ಸಾಕ್ಷ್ಯ ಏನಾದ್ರೂ ಉಳಿದಿದ್ರೆ...”

“ಸಾಕ್ಷ್ಯ ತಿಂದದ್ದು ನೀವೇ ಅಲ್ವಾ ವಕೀಲರೇ!” ದರ್ಜಿಯ ದನಿ ಸೂಜಿಯಂತೆ ಮೇಲಕ್ಕೆ ಹೋಯಿತು.

ಹೆಂಡತಿ ಕುಕ್ಕರಿನ ಮುಚ್ಚಳ ತೆಗೆದು ಇಣುಕಿದಳು. “ಅನ್ನ ಮಾತ್ರ ನೀವೇ ಮಾಡಿದ್ದು ಅಂತ ಒಪ್ತೀನಿ” ಎಂದಳು. “ತಳ ಹಿಡಿದಿದೆ.”

ಆಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಅವಳು ಮೂರು ಟೋಫುವನ್ನೂ ರುಚಿ ನೋಡಿದಳು. ಅಕ್ಕನದಕ್ಕೆ ಉಪ್ಪು ತುಸು ಸಾಲದು, ವಕೀಲರದಕ್ಕೆ ಹುಳಿ ಜಾಸ್ತಿ. ಸ್ಟೀಲ್ ಡಬ್ಬಿಯದನ್ನು ಬಾಯಿಗಿಟ್ಟವಳು ಕಣ್ಣರಳಿಸಿದಳು.

“ಮೇಷ್ಟ್ರೇ, ಎಲ್ಲಿ ಕಲಿತ್ರಿ ಇದನ್ನ? ಹೊರಗೆ ಗರಿಗರಿ, ಒಳಗೆ ಬೆಣ್ಣೆ! ನಮ್ಮನೆಯವರು ನಾಳೆಯಿಂದ ಒಂದು ತಿಂಗಳು ಅಡುಗೆ ಮಾಡ್ಬೇಕು. ನೀವೇ ಸ್ವಲ್ಪ ಕಲಿಸಿಕೊಡ್ತೀರಾ?”

ಒಂದು ಗಂಟೆಯ ಹಿಂದೆ ಇದೇ ದರ್ಜಿಯ ಬಾಯಿಂದ ಇದೇ ಪಾಠ ಕಂಠಪಾಠ ಮಾಡಿದ ಮೇಷ್ಟ್ರು ಒಂದು ಕ್ಷಣ ತಟ್ಟೆಯನ್ನೇ ನೋಡಿದರು. ಆದರೆ ನಿವೃತ್ತರಾಗಿ ಆರು ವರ್ಷವಾದ ಮೇಲೆ ಸಿಕ್ಕ ಮೊದಲ ಶಿಷ್ಯ. ಬಿಡಲು ಮನಸ್ಸು ಒಪ್ಪಲಿಲ್ಲ. ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿದರು.

“ಅದಕ್ಕೇನಮ್ಮಾ, ಧಾರಾಳವಾಗಿ. ನಾಳೆ ಸಂಜೆ ಐದೂವರೆಗೆ ಸರಿಯಾಗಿ ಬರ್ಬೇಕು, ತಡ ಮಾಡೋ ಹಾಗಿಲ್ಲ.”

ಹೆಂಡತಿ ಕೈ ತೊಳೆದು ಬಂದು, ಕಿಟಕಿ ಪಕ್ಕದ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದಳು. ದರ್ಜಿ ಮೂರು ಮನೆಯ ಪಾತ್ರೆಗಳನ್ನು ತೊಳೆಯುತ್ತ ನಿಂತ. ಡಬ್ಬಿ ಒಯ್ಯಲು ಒಳಬಂದ ಮೇಷ್ಟ್ರು ಅತ್ತಿತ್ತ ನೋಡಿ, ಅವನ ಕಿವಿಯ ಹತ್ತಿರ ಬಾಗಿದರು.

“ಬೇಜಾರು ಮಾಡ್ಕೋಬೇಡಿ” ಎಂದು ಪಿಸುಗುಟ್ಟಿದರು. “ಮೊದಲನೇ ಪಾಠ ಈಗಲೇ ಹೇಳ್ಬಿಡ್ತೀನಿ. ಅಡುಗೆ ಮಾಡುವಾಗ ಮುಂಬಾಗಿಲಿಗೆ ಚಿಲಕ ಹಾಕ್ಕೊಂಡಿರ್ಬೇಕು.”