ಚೌಕಾಸಿಗೆ ಕೂತು ದರ ಏರಿಸಿದ ಮಾಮ

ನಮ್ಮ ಮಾಮನನ್ನು ಕಂಡರೆ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಕಾಂಕ್ರೀಟ್ ಕಂಟ್ರಾಕ್ಟರುಗಳು ಹೆದರುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ದರ ಇಳಿಸಿ ಎಂದು ಪೀಡಿಸುತ್ತಾರೆಂದು ಅಲ್ಲ ಮಾರಾಯ್ರೆ! ಚೌಕಾಸಿಗೆ ಕೂತು ದರ ಏರಿಸುವ ಮನುಷ್ಯ ಲೋಕದಲ್ಲಿ ಅವರೊಬ್ಬರೇ ಇರಬೇಕು. ಮಾಮ ಎಂದರೆ ನನ್ನ ಗಂಡನ ತಂದೆ. ಒಂದು ಬಂಗುಡೆ ಹೆಚ್ಚಿಗೆ ಹಾಕಿಸದೆ ಮೀನಿನವನನ್ನು ಬಿಟ್ಟವರಲ್ಲ. ಅಂಥವರಿಗೆ ಇದೆಂಥ ಮರುಳು?

ಶುರುವಾದದ್ದು ಮಾಮಿಯಿಂದ. ನನ್ನ ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ, ಅದಕ್ಕೂ ಅಲ್‌ಹಮ್ದುಲಿಲ್ಲಾಹ್. ಆದರೆ ನಡಿಗೆ ಹೋಗಿ ಗಾಲಿಕುರ್ಚಿ ಬಂತು. ನಮ್ಮ ಗೇಟಿನಿಂದ ಅಂಗಳಕ್ಕೆ ಬರಿಯ ಮಣ್ಣಿನ, ಕಡಿದಾದ ಏರು. ಆಸ್ಪತ್ರೆಗೆಂದರೆ ನಾಲ್ಕು ಗಂಡಸರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ಇಳಿಸಬೇಕು. ತಲೆಯ ಶಾಲು ಜಾರದಂತೆ ಬದುಕಿದ ಹೆಂಗಸು. ಎರಡನೇ ಸಲ ಹೊತ್ತು ತಂದ ದಿನ ಹೇಳಿಬಿಟ್ಟರು: "ಸಾಕು. ಇನ್ನು ಸತ್ತು ಮಯ್ಯತ್ತಾದ ಮೇಲೆ ಇಳಿಸಿ ನನ್ನನ್ನು." ಅರಂತೋಡಿನ ತಂಗಿಯ ಮನೆಗೂ ಇಲ್ಲ, ಎಲ್ಲಿಗೂ ಇಲ್ಲ!

ಮರುದಿನವೇ ಮಾಮ ಏರಿಗೆ ಕಾಂಕ್ರೀಟ್ ಹಾಕಿಸಲೆಂದು ಆಲೆಟ್ಟಿಯಿಂದ ಒಬ್ಬ ಕಂಟ್ರಾಕ್ಟರನ್ನು ಕರೆಸಿದರು. ಅವನು ಏರು ನೋಡಿ ಚದರ ಅಡಿಗೆ ಇಷ್ಟು ಎಂದ.

"ಅದರಲ್ಲಿ ಎಂತೆಲ್ಲ ಬಂತು?"

"ಸಿಮೆಂಟು, ಹೊಯಿಗೆ, ಜಲ್ಲಿ, ಕೂಲಿ."

"ಜೆಸಿಬಿ?"

"ಅದು ಬೇರೆ."

"ನೀರು?"

"ಅದು ನಿಮ್ಮದು."

"ಕೆಲಸದವರ ಚಾ?"

ಅವನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ನಕ್ಕ. ಕಾಂಕ್ರೀಟಿನ ಖರ್ಚು ಎಂದರೇನೆಂದು ನನಗೆ ಅರ್ಥವಾದದ್ದು ಆಗಲೇ! ಕಂಟ್ರಾಕ್ಟರು ಬಾಯಿಬಿಟ್ಟು ಹೇಳದ ಬಾಬತ್ತೆಲ್ಲ ಹೆಂಗಸರ ತಲೆಗೆ.

"ಒಂದು ತಿರುವು ಕೊಟ್ಟು ಏರು ತಗ್ಗಿಸಿದರೆ?" ಮಾಮ ಕೇಳಿದರು.

"ತುಂಬ ಜಾಸ್ತಿ ಆಗ್ತದೆ ಹಾಜಿಯವರೇ."

"ಆಗ್ಲಿ. ಇನ್ನೂ ತಗ್ಗಿಸಿದರೆ?"

"ಇನ್ನೂ ಜಾಸ್ತಿ."

"ಹಾಗಾದರೆ ಇನ್ನೂ ತಗ್ಗಿಸಿ!"

ತನ್ನನ್ನು ತಮಾಷೆ ಮಾಡುತ್ತಿದ್ದಾರೆಂದು ಅವನು ಅರ್ಧ ಚಾ ಬಿಟ್ಟು ಎದ್ದು ಹೋದ.

ಆಮೇಲೆ ಮಾಮ ಮಾಮಿಯ ಗಾಲಿಕುರ್ಚಿಯನ್ನು ಮಡಚಿ ರಿಕ್ಷಾದಲ್ಲಿಟ್ಟುಕೊಂಡು ಊರೂರು ಹೊರಟರು. ಕಾಂಕ್ರೀಟ್ ಏರು ಕಂಡಲ್ಲಿ ಇಳಿಯುವುದು, ಕುರ್ಚಿಯಲ್ಲಿ ಕೂರುವುದು, ರಿಕ್ಷಾದವನಿಂದ ದೂಡಿಸಿಕೊಂಡು ಹತ್ತಿ ಇಳಿಯುವುದು! ಒಂದು ಮನೆಯ ಅಜ್ಜಿ ಪಾಪ ಎಂದು ಹತ್ತು ರೂಪಾಯಿ ತಂದು ಕೈಯಲ್ಲಿಟ್ಟರಂತೆ. "ಅಮ್ಮಾ, ನಾನು ನಿಮ್ಮ ಏರು ನೋಡ್ಲಿಕ್ಕೆ ಬಂದದ್ದು" ಎಂದು ಇವರು ಎದ್ದು ನಿಂತದ್ದೇ ತಡ, ಅಜ್ಜಿ ದೇವರನ್ನು ಕರೆಯುತ್ತಾ ಒಳಗೆ ಓಡಿದರಂತೆ!

ಇತ್ತ ಮಾಮಿ ಮಂಚದಲ್ಲಿ ಕೂತು ಬೈಗುಳ. "ನನ್ನ ಕುರ್ಚಿಯಲ್ಲಿ ಇವರ ಸವಾರಿ! ಯಾರಿಗೆ ಬೇಕು ಇವರ ರಸ್ತೆ? ಇಳಿಯುದಿಲ್ಲ ಎಂದರೆ ಇಳಿಯುದಿಲ್ಲ ನಾನು."

ಕೊನೆಗೆ ಆಲಂಕಾರಿನ ಒಬ್ಬ ಕಂಟ್ರಾಕ್ಟರು ಒಪ್ಪಿದರು. ಅವರ ದರ ಕೇಳಿ ನನ್ನ ಗಂಡನ ಮುಖ ಬಿಳಿಚಿತು. "ಮಕ್ಕಾಕ್ಕೆ ಹೋಗಿ ಉಮ್ರಾ ಮಾಡ್ಲಿಕ್ಕೆಂದು ತೆಗೆದಿಟ್ಟ ಹಣ ಅಲ್ವಾ ಬಾಪ ಅದು?"

"ಅಲ್ಲಿಗೆ ನಾನು ಒಮ್ಮೆ ಹೋಗಿ ಬಂದಾಗಿದೆ" ಎಂದರು ಮಾಮ. "ಇವಳು ಗೇಟಿನವರೆಗೆ ಹೋಗದೆ ಎಷ್ಟು ಸಮಯ ಆಯ್ತು?"

ನಾನು ಮನಸ್ಸಿನಲ್ಲೇ ದುಆ ಮಾಡಿ ಚಾಕ್ಕೆ ದೊಡ್ಡ ಪಾತ್ರೆ ಇಟ್ಟೆ.

ಗೇಟಿನ ಬದಿಯ ಮೊದಲ ತುಂಡು ಗಟ್ಟಿಯಾದಾಗ ಮತ್ತೊಂದು ರಂಪ. ಜೀಪಿನ ಚಕ್ರಕ್ಕೆ ಹಿಡಿತ ಬೇಕೆಂದು ಅಡ್ಡಡ್ಡ ಆಳದ ಗೀರು ಹಾಕಿದ್ದರು. ಮಾಮ ಕುರ್ಚಿಯಲ್ಲಿ ಕೂತು ದೂಡಿಸಿಕೊಂಡರು. ಟಕ ಟಕ ಟಕ! ಅವರ ಸೆಟ್ ಹಲ್ಲು ಬಾಯಿಂದ ಹಾರಿ ಮಡಿಲಿಗೆ ಬಿತ್ತು. ಅದನ್ನು ತೊಳೆದು ಹಾಕಿಕೊಂಡು ಕೇಳಿದರು, "ನನ್ನ ಹಲ್ಲಿನ ಗತಿ ಹೀಗಾದರೆ ಅವಳ ಸೊಂಟದ್ದು ಎಂತ?"

"ಗೀರು ಇಲ್ಲದಿದ್ರೆ ಮಳೆಗೆ ಜಾರ್ತದೆ ಹಾಜಿಯವರೇ. ಒಡೆದು ಪುನಃ ಹಾಕುದಾದ್ರೆ ಬೇರೆ ದುಡ್ಡು."

"ಅದನ್ನು ಮೊದಲೇ ಹೇಳ್ಬಾರ್ದಾ? ಒಡೀರಿ!"

ಹೇಳಿದವರೇ ನೇರ ಅಡುಗೆಮನೆಗೆ ಬಂದು ಅಂಗಳ ಗುಡಿಸುವ ನನ್ನ ಹೊಸ ಹಿಡಿಸೂಡಿ ಎತ್ತಿಕೊಂಡು ಹೋದರು. ಪುನಃ ಹಾಕಿದ ಹಸಿ ಕಾಂಕ್ರೀಟಿನ ಮೇಲೆ ಅದರ ಕಡ್ಡಿಗಳಿಂದ ಸಪೂರ ಗೆರೆ ಎಳೆಸಿದರು: ಜಾರಲೂ ಬಾರದು, ಕುಲುಕಲೂ ಬಾರದು. ಹಿಡಿಸೂಡಿಯ ಖರ್ಚು ಯಾರದ್ದು ಎಂದು ಬೇರೆ ಹೇಳಬೇಕೇ? ಹಸಿ ಗಟ್ಟಿಯಾಗುವವರೆಗೂ, ಆಮೇಲೆ ನೀರುಣಿಸುವ ಕ್ಯೂರಿಂಗಿನ ದಿನಗಳಲ್ಲೂ ಕೋಲು ಹಿಡಿದು ಅವರೇ ಕಾವಲು ಕೂತರು. ಆದರೂ ನನ್ನ ಒಂದು ಕೋಳಿ ನಡೆದುಹೋದ ಗುರುತು ತಿರುವಿನಲ್ಲಿ ಈಗಲೂ ಉಂಟು. ಪಕ್ಕದ ಮನೆಯ ದನ ಅಲ್ಲವಲ್ಲ, ಅಷ್ಟು ಕೃಪೆ.

ಮಳೆಗೆ ಮೊದಲು ಕೆಲಸ ಮುಗಿಯಿತು. ಒಂದು ಬೆಳಿಗ್ಗೆ ಮಾಮ ಕುರ್ಚಿಯನ್ನು ಮಂಚದ ಹತ್ತಿರ ತಂದು ನಿಂತರು.

"ಇಳಿಯುದಿಲ್ಲ ಎಂದಿದ್ದೇನಲ್ಲ?"

"ಇಳಿಯುದು ಬೇಡ. ಅಂಗಳದಿಂದ ನೋಡು, ಸಾಕು."

ಅಂಗಳದ ತುದಿಯಲ್ಲಿ ಮಾಮಿ ತುಂಬ ಹೊತ್ತು ಕೆಳಗೆ ನೋಡಿದರು. ಆಮೇಲೆ ಶಾಲು ಸರಿಮಾಡಿಕೊಂಡು, "ಯಾರು ದೂಡುದು?" ಎಂದರು.

"ನಾನೇ."

ಮಾಮ ಹಿಂದಿನಿಂದ ಬಿಗಿಯಾಗಿ ಹಿಡಿದು ಒಂದೊಂದೇ ಹೆಜ್ಜೆ ಇಳಿಸಿದರು. ತಿರುವು ದಾಟಿ ದಾರಿ ಸಮ ಆದದ್ದೇ, "ಕೈ ಬಿಡಿ" ಎಂದು ಮಾಮಿ ತಮ್ಮ ಎರಡೂ ಕೈಯನ್ನು ಚಕ್ರದ ಮೇಲಿಟ್ಟರು. ಮಾಮನಿಗೆ ಬಿಡಲು ಧೈರ್ಯ ಬೇಡವೇ? ಬಿಟ್ಟರು. ಬಿಟ್ಟವರೇ ಓಡಿ ಎದುರಿಗೆ ಬಂದು, ಮಗು ಮೊದಲ ಹೆಜ್ಜೆ ಇಡುವಾಗ ನಿಲ್ಲುತ್ತೇವಲ್ಲ, ಹಾಗೆ ಎರಡೂ ಕೈ ಚಾಚಿ ಹಿಂದೆ ಹಿಂದೆ ನಡೆಯತೊಡಗಿದರು. ಟೊಪ್ಪಿ ಓರೆಯಾಗಿತ್ತು. ಕಣ್ಣು ಒದ್ದೆಯಾಗಿತ್ತು.

"ಎದುರಿನಿಂದ ಸರೀರಿ ಮಾರಾಯ್ರೆ," ಎಂದರು ಮಾಮಿ, "ನಂಗೆ ಗೇಟು ಕಾಣುದಿಲ್ಲ."