ಅಳಿಯಂದಿರ ಒದ್ದೆ ಕುಂಡಗಳು

"ಈ ಬೇಸಿಗೆಯಲ್ಲಿ ಮನೆಗೆ ಬರೋದು ಕೂಲರ್ ಅಲ್ಲ, ವಿಜ್ಞಾನ!" ಎಂದು ಉಷ್ಣರಾಯರು ಊಟದ ಮೇಜು ಕುಟ್ಟಿ ಘೋಷಿಸಿದರು.

"ಅದರ ಸ್ವಿಚ್ ಎಲ್ಲಿರತ್ತೆ?" ಎಂದಳು ಹೆಂಡತಿ, ಹಳೇ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ. ಸೆಕೆಗೆ ನಿದ್ದೆಯಿಲ್ಲದೆ ಅವಳಿಗೆ ಜಗಳವಾಡುವ ತ್ರಾಣವೂ ಉಳಿದಿರಲಿಲ್ಲ.

ಉಷ್ಣರಾಯ ಎಂಬುದು ಸಂಶೋಧನಾಲಯದ ಸಹೋದ್ಯೋಗಿಗಳು ಇಟ್ಟ ಹೆಸರು. ಮಣ್ಣಿನ ತೇವ ಆರಿದಂತೆ ಸೆಕೆ ಎಷ್ಟು ಏರುತ್ತದೆ, ಮನುಷ್ಯ ಅದನ್ನು ಎಲ್ಲಿಯವರೆಗೆ ತಡೆದುಕೊಳ್ಳುತ್ತಾನೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕಸುಬು. ಕೋಣೆಯ ತುಂಬ ಒದ್ದೆ ಮಣ್ಣಿನ ಕುಂಡಗಳನ್ನಿಟ್ಟರೆ ಸೆಕೆ ಬಾಲ ಮುದುರಿಕೊಂಡು ಓಡಬೇಕು ಎಂಬುದು ಅವರ ಮಹಾಸಿದ್ಧಾಂತ!

"ಸರಿ, ನಮ್ಮಪ್ಪ ದಿನವಿಡೀ ಮನೇಲೇ ಇರ್ತಾರಲ್ಲ, ಅವರನ್ನೇ ಕೇಳಿ. ಅವರು ಸೆಕೆ ಅಂದ ದಿನವೇ ಕೂಲರ್ ಬರ್ಬೇಕು," ಎಂದಳು ಹೆಂಡತಿ. ಗೆಲುವು ತನ್ನದೇ ಎಂದು ಪಾಪ ಅವಳ ನಂಬಿಕೆ.

ಮಾವನವರನ್ನು ಹಜಾರದ ನಡುವೆ ಕೂರಿಸಿ, ಸುತ್ತಲೂ ಕುಂಡಗಳನ್ನಿಟ್ಟು, ಮಣ್ಣಿಗೆ ತೇವ ಅಳೆಯುವ ಕಡ್ಡಿಗಳನ್ನು ಚುಚ್ಚಲಾಯಿತು. ಬೆಳಿಗ್ಗೆ ರಾಯರೇ ಸ್ವಹಸ್ತದಿಂದ ಚಹಾ ಮಾಡಿಕೊಟ್ಟು ಹೊರಡುವರು. ಸಂಜೆ ಬಂದವರೇ ಕೇಳುವರು: "ಹೇಗಿದೆ ಮಾವ? ಐದಕ್ಕೆ ಎಷ್ಟು ಕೊಡ್ತೀರಿ?"

ಮಾವನವರ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. "ಆರಾಮ, ಅಳಿಯಂದ್ರೇ. ಐದಕ್ಕೆ ಐದು ಹಾಕ್ಕೊಳ್ಳಿ."

"ಅಪ್ಪಾ! ನಿಜ ಹೇಳಪ್ಪಾ!"

"ನನಗೇನಮ್ಮ ಕಷ್ಟ? ರಾಜನ ಹಾಗಿದ್ದೀನಿ."

ರಾಯರು ಹೆಂಡತಿಯ ಕಡೆ ತಿರುಗಿದರು. "ನಿನಗೆ ಹೇಗಿದೆ?"

"ನನಗೇನಾಗಿದೆ ಧಾಡಿ? ಸ್ವರ್ಗದಲ್ಲಿದ್ದೀನಿ!"

ರಾಯರು ಅದಕ್ಕೂ ಐದು ಹಾಕಿಕೊಂಡರು. ಇನ್ನೂ ಸೋಜಿಗವೆಂದರೆ, ಬಿಸಿಲು ಎಷ್ಟು ಕಾದರೂ ಕುಂಡದ ತೇವ ಇಳಿಯಲೇ ಇಲ್ಲ! ವಿಜ್ಞಾನವೇ ತಮ್ಮ ಕಾಲಿಗೆ ಬಿದ್ದಿದೆ ಎಂದುಕೊಂಡು ಅವರು ನಿರ್ದೇಶಕರಿಗೆ ವರದಿ ಕಳಿಸಿಯೇಬಿಟ್ಟರು.

ಭಾನುವಾರ ರಾಯರು ಮಾವನವರಿಗೆ ಚಹಾ ಕೊಟ್ಟು, ಸ್ನಾನ ಮುಗಿಸಿ ಬಂದಾಗ ಕಂಡದ್ದೇನು? ಮಾವನವರು ಆಚೀಚೆ ನೋಡಿ, ಚಹಾ ಲೋಟವನ್ನು ಕುಂಡಕ್ಕೆ ಬಗ್ಗಿಸುತ್ತಿದ್ದರು.

"ಮಾವ!"

ಮಾವನವರು ಬೆಚ್ಚಿಬಿದ್ದರು. "ತಪ್ಪು ತಿಳೀಬೇಡಿ. ಚಹಾ ಚೆನ್ನಾಗೇ ಇತ್ತು. ಗಿಡಕ್ಕೂ ಒಂದು ತೊಟ್ಟು ಅಂತ..."

ಕುಂಡದಲ್ಲಿ ಗಿಡವೇ ಇರಲಿಲ್ಲ.

"ದಿನಾ ಹೀಗೇನಾ? ಹಾಗಾದ್ರೆ... ಸೆಕೆ?"

ಮಾವನವರು ಕತ್ತು ಒರೆಸಿಕೊಂಡರು. "ಸೆಕೆ ಇದೆಯಪ್ಪ. ಜೀವ ಹೋಗೋಷ್ಟಿದೆ. ಆದ್ರೆ ನೀವು ಅಷ್ಟು ಆಸೆಯಿಂದ ಕೇಳ್ತೀರಲ್ಲ, ಯಾವ ಬಾಯಲ್ಲಿ ಹೇಳಲಿ?"

ರಾಯರಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು. ಹೆಂಡತಿ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ಅಂಗಡಿ ತೆಗೆದಿರತ್ತೆ, ನಡೀರಿ," ಎಂದಳು, ಅಷ್ಟೇ. ಆ ಮಧ್ಯಾಹ್ನ ಹೊಸ ಕೂಲರಿನ ಮುಂದೆ ಮಾವನವರು ಬಾಯಿ ತೆರೆದುಕೊಂಡು ಗೊರಕೆ ಹೊಡೆದರು.

ವರದಿಯನ್ನು ಹಿಂದಕ್ಕೆ ಪಡೆಯಲೇಬೇಕು, ಮಾನ ಹೋದರೂ ಸರಿ ಎಂದು ಸೋಮವಾರ ರಾಯರು ಕಚೇರಿಗೆ ಬಂದರು. ತಮ್ಮ ಕೊಠಡಿಯ ಬಾಗಿಲು ತೆರೆದರೆ ಧಗೆ ಮುಖಕ್ಕೆ ರಾಚಿತು. ಗೋಡೆಯಲ್ಲಿ ಎಸಿ ಇದ್ದ ಜಾಗ ಖಾಲಿ! ಕುರ್ಚಿಯ ಸುತ್ತ ಒದ್ದೆ ಮಣ್ಣಿನ ಕುಂಡಗಳು! ಹಿಂದೆಯೇ ನಿರ್ದೇಶಕರು ನಗುತ್ತ ಬಂದರು.

"ಎಂಥಾ ವರದಿ ರಾಯರೇ! ಮೇಲಿನವರಿಗೂ ಕಳಿಸಿದ್ದೀನಿ, ನಿಮ್ಮ ಬಡ್ತಿಗೂ ಬರೆದಿದ್ದೀನಿ. ಇಡೀ ಕಟ್ಟಡದ ಎಸಿ ತೆಗೆಸೋಣ ಅಂತಿದ್ದೀನಿ, ನಿಮ್ಮಿಂದಲೇ ಶುರು. ಹೇಗಿದೆ? ಸಂಕೋಚ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ!"

ರಾಯರು ನಿಜ ಹೇಳಲೆಂದೇ ಬಾಯಿ ತೆರೆದರು. ನಿರ್ದೇಶಕರು ಎಷ್ಟೊಂದು ಆಸೆಯಿಂದ ಅವರ ಮುಖವನ್ನೇ ನೋಡುತ್ತಿದ್ದರು! ಹಣೆಯ ಬೆವರು ಇಳಿದು ಕಣ್ಣು ಉರಿಯತೊಡಗಿತು.

"ತುಂಬಾ ಹಿತವಾಗಿದೆ, ಸಾರ್," ಎಂದರು ಉಷ್ಣರಾಯರು.